ವಚನಗಳಲ್ಲಿ ಹಕ್ಕು ಹುಡುಕುವ ಮೊದಲು

ಮಗಳ ಕಾಲೇಜು ಭಾಷಣದಲ್ಲಿ ‘ವಚನಕಾರರು ವ್ಯಕ್ತಿಯ ಹಕ್ಕುಗಳನ್ನು ಸಾರಿದರು’ ಎಂದು ಬರೆಯಬಹುದೇ ಎಂದು ಬಾಗಲಕೋಟೆಯಿಂದ ಕೇಳಿದ್ದೀರಿ. ನಾನಾದರೆ ಹಾಗೆ ಬರೆಯುವುದಿಲ್ಲ. ಹಕ್ಕು ಎಂದರೆ ಸಿಗದಿದ್ದಾಗ ಕೋರ್ಟಿನ ಮೆಟ್ಟಿಲು ಹತ್ತಿ ಕೇಳಬಹುದಾದದ್ದು. ಅಸ್ಪೃಶ್ಯತೆಯನ್ನು ನಿಷೇಧಿಸಿದ ಸಂವಿಧಾನದ 17ನೆಯ ವಿಧಿ ಅಂಥದ್ದು. ಅದು 1950ರಿಂದ ಈಚಿನ ಮಾತು. 12ನೆಯ ಶತಮಾನದವರು ಹಿಡಿದದ್ದು ಮನುಷ್ಯನ ಘನತೆಯ ದಾರಿಯನ್ನು.

ವಚನಕಾರ್ತಿ ಆಯ್ದಕ್ಕಿ ಲಕ್ಕಮ್ಮನನ್ನೇ ನೋಡಿ. ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು ಗಂಡ ಮಾರಯ್ಯನ ಕಾಯಕ. ಒಂದು ದಿನ ಆತ ಹೆಚ್ಚು ತಂದ. ಆಸೆ ಅರಸನಿಗಿರಲಿ, ನಮಗೇಕೆ ಎಂದು ಅವಳು ಅದನ್ನು ಅಲ್ಲಿಯೇ ಸುರಿದು ಬರಲು ಕಳಿಸಿದಳು. ಹೊಟ್ಟೆಗೆ ಅಂದಂದಿನ ಅಕ್ಕಿಯಷ್ಟೇ ಇರುವವಳು ಗಂಡನನ್ನೂ ಅರಸನನ್ನೂ ಒಂದೇ ಮಾತಿನಲ್ಲಿ ತಿದ್ದುತ್ತಾಳೆ! ಅವಳು ಏನನ್ನೂ ಕೇಳುತ್ತಿಲ್ಲ, ಬೇಡವೆನ್ನುತ್ತಿದ್ದಾಳೆ. ಈ ವ್ಯತ್ಯಾಸವನ್ನು ಮಗಳು ಬಿಡಿಸಿ ಹೇಳಿದರೆ ಭಾಷಣ ಗಟ್ಟಿಯಾಗುತ್ತದೆ.

ಅಂದಹಾಗೆ, ನಮ್ಮ ವಿಜಯಪುರದಲ್ಲಿ ಮನೆ ಮಾರಿ ಮುದ್ರಣಾಲಯ ತೆರೆದು ವಚನಗಳನ್ನು ಅಚ್ಚು ಮಾಡಿಸಿದ ಫ.ಗು. ಹಳಕಟ್ಟಿಯವರು ವೃತ್ತಿಯಿಂದ ವಕೀಲರು, ಕೋರ್ಟಿನಲ್ಲಿ ಕೇಳುವ ಹಕ್ಕು ಏನೆಂದು ಬಲ್ಲವರು. ಭಾಷಣವನ್ನು ಅವರಿಂದಲೇ ಆರಂಭಿಸಲು ಹೇಳಿ.