ಟೈಪ್ ಮಾಡಿದ್ದು ಯಾಕೆ ನೆನಪಲ್ಲಿ ಉಳಿಯುವುದಿಲ್ಲ?

ಲೆಕ್ಚರರ್ ಹೇಳಿದ್ದೆಲ್ಲ ಲ್ಯಾಪ್‌ಟಾಪಲ್ಲಿ ಟೈಪ್ ಮಾಡಿಕೊಂಡರೂ ಪರೀಕ್ಷೆಯಲ್ಲಿ ನೆನಪಾಗುವುದಿಲ್ಲ, ಪೆನ್ನು ಹಿಡಿಯಲಾ ಅಂತ ಕೇಳಿದ್ದೀರಿ. ಹಿಡಿಯಿರಿ, ಆದರೆ ಪೆನ್ನೊಂದರಿಂದಲೇ ಎಲ್ಲ ಸರಿಹೋಗುವುದಿಲ್ಲ. 2014ರಲ್ಲಿ ಅಮೆರಿಕದ ಮನೋವಿಜ್ಞಾನ ಸಂಶೋಧಕರಾದ ಮುಲ್ಲರ್ ಮತ್ತು ಓಪನ್‌ಹೈಮರ್ ಇದನ್ನೇ ಪರೀಕ್ಷಿಸಿದರು: ಟೈಪ್ ಮಾಡಿದವರು ಮಾತನ್ನು ಇದ್ದಹಾಗೇ ಇಳಿಸಿಕೊಳ್ಳುತ್ತಿದ್ದರು, ಬೇಡ ಅಂದರೂ ಬಿಡಲಿಲ್ಲ, ವಿಷಯ ಅರ್ಥವಾಗಿದೆಯಾ ಅಂತ ನೋಡುವ ಪ್ರಶ್ನೆಗಳಲ್ಲಿ ಹಿಂದೆ ಬಿದ್ದರು. 2019ರಲ್ಲಿ ಬೇರೆಯವರು ಮತ್ತೆ ಮಾಡಿ ನೋಡಿದಾಗ ವ್ಯತ್ಯಾಸ ಅಷ್ಟು ಸ್ಪಷ್ಟವಾಗಿರಲಿಲ್ಲ. ನನ್ನ ಪ್ರಕಾರ, ಕಿವಿಗೆ ಬಿದ್ದದ್ದು ನೇರ ಬೆರಳಿಗೆ ಹೋದರೆ ತಲೆಗೆ ಕೆಲಸವೇ ಇರುವುದಿಲ್ಲ, ಅಲ್ವಾ? ಪೂರ್ತಿ ಕೇಳಿಸಿಕೊಂಡು ನಿಮ್ಮ ಮಾತಲ್ಲೇ ಬರೆಯಿರಿ. ಪುಟದ ಎಡಗಡೆ ಜಾಗ ಬಿಟ್ಟು ಅಲ್ಲಿ ಪ್ರಶ್ನೆ ಹಾಕಿಕೊಳ್ಳಿ, ‘ಆಸ್ಮೋಸಿಸ್‌ನಲ್ಲಿ ನೀರು ಯಾವ ಕಡೆ ಹೋಗುತ್ತದೆ?’ ಅನ್ನೋ ಹಾಗೆ. ಸುಮ್ನೆ ಮತ್ತೆ ಮತ್ತೆ ಓದುವುದಕ್ಕಿಂತ, ರಾತ್ರಿ ಬಲಗಡೆ ಮುಚ್ಚಿ ಉತ್ತರ ಹೇಳಿ ನೋಡಿದರೆ ಜಾಸ್ತಿ ಉಳಿಯುತ್ತದೆ.