ಪ್ರತಿಕ್ರಿಯೆ: ಹನಿ ನೀರಾವರಿ ಸಬ್ಸಿಡಿಗೆ ಸಣ್ಣ ರೈತರು ಯಾಕೆ ಅರ್ಜಿ ಹಾಕುತ್ತಿಲ್ಲ?

ಸಭೆ ಮಾಡಿ ಹೇಳಿದರೂ ನಿಮ್ಮೂರಿನ ಎರಡು ಎಕರೆಯವರು ಹನಿ ನೀರಾವರಿ ಸಬ್ಸಿಡಿಗೆ ಅರ್ಜಿ ಹಾಕುತ್ತಿಲ್ಲ ಅಂತ ಕೇಳಿದ್ದೀರಿ. ಅವರು ಹಿಂದೆ ಸರಿಯಲು ಮುಖ್ಯ ಕಾರಣ ಪಹಣಿ ಇರಬಹುದು. ಜಮೀನು ಇನ್ನೂ ತೀರಿಹೋದ ಅಪ್ಪನ ಅಥವಾ ಅಜ್ಜನ ಹೆಸರಿನಲ್ಲೇ ಇದ್ದರೆ ಫ್ರೂಟ್ಸ್ (ಸರ್ಕಾರದ ರೈತರ ದಾಖಲಾತಿ ತಂತ್ರಾಂಶ) ನೋಂದಣಿಯಲ್ಲೇ ತೊಡಕಾಗುತ್ತದೆ, ಅರ್ಜಿ ಮುಂದಕ್ಕೆ ಹೋಗುವುದಿಲ್ಲ. ಇದನ್ನು ಸಭೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಅಣ್ಣತಮ್ಮಂದಿರ ವಿಷಯ ಅಲ್ವಾ? ನಾನು ಈ ಕೆಲಸಕ್ಕೆ ಓಡಾಡುವಾಗ ಜಾಸ್ತಿ ಕಂಡಿದ್ದು ಇದನ್ನೇ. ಹಾಗಾಗಿ ಇನ್ನೊಂದು ಸಭೆ ಬೇಡ, ಮನೆಮನೆಗೆ ಹೋಗಿ.

ಮೊದಲು ಪಹಣಿ ನೋಡಿ. ತೀರಿಹೋದವರ ಹೆಸರಿದ್ದರೆ ನಾಡಕಚೇರಿಯಲ್ಲಿ ಪೌತಿ ಖಾತೆಗೆ, ಅಂದರೆ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸಲು, ಅರ್ಜಿ ಹಾಕಿಸಿ. ಪಾಲಿನ ಜಗಳ ಇರುವವರನ್ನು ಸದ್ಯಕ್ಕೆ ಒತ್ತಾಯಿಸಬೇಡಿ. ಪಹಣಿ ಸರಿ ಇರುವವರಿಗೆ ಆಧಾರ್, ಬ್ಯಾಂಕ್ ಪಾಸ್‌ಬುಕ್ ಹಿಡಿದು ರೈತ ಸಂಪರ್ಕ ಕೇಂದ್ರದಲ್ಲಿ ಎಫ್‌ಐಡಿ (ಫ್ರೂಟ್ಸ್‌ನಲ್ಲಿ ಸಿಗುವ ರೈತರ ಗುರುತಿನ ಸಂಖ್ಯೆ) ಮಾಡಿಸಿ. ಆಮೇಲೆ ಅರ್ಜಿ: ತರಕಾರಿ, ಹಣ್ಣಿಗೆ ತೋಟಗಾರಿಕೆ ಇಲಾಖೆ, ಹಿಪ್ಪುನೇರಳೆಗೆ ರೇಷ್ಮೆ ಇಲಾಖೆ, ಉಳಿದ ಹೊಲದ ಬೆಳೆಗೆ ಕೃಷಿ ಇಲಾಖೆ.

ರೈತರ ಪಾಲಿನ ಹಣ ಎಷ್ಟು, ಯಾವಾಗ ಕಟ್ಟಬೇಕು ಅನ್ನುವುದನ್ನು ಹನಿ ನೀರಾವರಿ ಸಾಮಾನು ಕೊಡುವ ಡೀಲರ್ ಕೈಯಲ್ಲಿ ಬರೆಸಿಕೊಳ್ಳಿ. ಬಿತ್ತನೆ ಹೊತ್ತಿಗೆ ಕೈಯಲ್ಲಿ ದುಡ್ಡಿರುವುದಿಲ್ಲ, ಕೊಯ್ಲಾದ ಮೇಲೆ ಕೇಳಿದರೆ ಒಪ್ಪುತ್ತಾರೆ. ಪೈಪ್ ಕಟ್ಟಿಕೊಂಡರೆ ಯಾರು ಸರಿಮಾಡುತ್ತಾರೆ ಅನ್ನುವುದನ್ನೂ ಅವನಿಂದಲೇ ಹೇಳಿಸಿ.

ಹನಿ ನೀರಾವರಿ ಮಾಡಿದ ಹೊಲ ತೋರಿಸುವುದಾದರೆ ಅವರಷ್ಟೇ ಜಮೀನಿರುವ ಪಕ್ಕದವರ ಹೊಲ ತೋರಿಸಿ. ದೊಡ್ಡವರ ತೋಟ ನೋಡಿದರೆ ‘ಅವರಿಗೆ ನಡೆಯುತ್ತೆ ಬಿಡಿ’ ಅಂತ ಸುಮ್ನೆ ವಾಪಸ್ ಬರುತ್ತಾರೆ.

ಸ್ವಂತ ಬೋರ್‌ವೆಲ್ ಇಲ್ಲದೆ ಪಕ್ಕದವರ ನೀರು ನಂಬಿರುವವರಿಗೆ ಇದು ಸರಿಹೋಗುತ್ತದೆಂದು ನನಗೆ ಖಾತ್ರಿ ಇಲ್ಲ. ಅವರನ್ನು ಈ ಪಟ್ಟಿಯಿಂದ ಬೇರೆ ಇಡಿ.