ಯಹೂದಿಗಳ ಸಂಗೀತ ಹಬ್ಬಕ್ಕೆ ನಾವು ಹೋಗಬಹುದಾ ಅಕ್ಕಾ?

ಅಮೆರಿಕದ ನ್ಯೂ ಮೆಕ್ಸಿಕೋದ ಆಲ್ಬುಕರ್ಕಿಗೆ ಬಂದು ಇನ್ನೂ ಒಂದು ಚಳಿಗಾಲವೂ ಪೂರ್ತಿಯಾಗದ ಮೈಸೂರಿನ ಹುಡುಗಿಯೊಬ್ಬಳು ಕೇಳಿದ್ದಾಳೆ. ಗಂಡನಿಗೆ ರಿಯೊ ರಾಂಚೊದ ಚಿಪ್ ಕಾರ್ಖಾನೆಯಲ್ಲಿ ಕೆಲಸ, ತನಗೆ ಎಚ್-4, ಅಂದರೆ ಕೆಲಸಕ್ಕೆ ಬಂದವರ ಹೆಂಡತಿ ಮಕ್ಕಳಿಗೆ ಕೊಡುವ ವೀಸಾ. ಮನೆಯಲ್ಲಿ ಐದು ವರ್ಷದ ಮಗಳು, ಆರು ತಿಂಗಳಿಗೆಂದು ಬಂದಿರುವ ಅತ್ತೆ. ಊರಿನಲ್ಲಿ ಪಿಟೀಲು ಕಲಿತಿದ್ದಳು, ಇಲ್ಲಿ ಪೆಟ್ಟಿಗೆ ತೆಗೆದೇ ಇಲ್ಲ. ಫೆಬ್ರುವರಿಯ ಯಹೂದಿ ಸಂಗೀತ ಹಬ್ಬದ ಚೀಟಿ ಲೈಬ್ರರಿಯಲ್ಲಿ ಕಂಡಿತಂತೆ. ಎಲ್ಲ ವಯಸ್ಸಿನವರೂ ಬನ್ನಿ, ಸ್ವಯಂಸೇವಕರು ಬೇಕು ಅಂತ ಬರೆದಿತ್ತಂತೆ. "ಅದು ಅವರ ದೇವಸ್ಥಾನ, ನಾವು ಹೋದರೆ ಏನಂದುಕೊಳ್ಳುತ್ತಾರೋ. ಈ ಊರಲ್ಲಿ ಜನರ ಜೊತೆ ಬೆರೆಯೋದಾದರೂ ಹೇಗೆ ಅಕ್ಕಾ?"

ಅಕ್ಕಾ ಅಂದಿದ್ದೀಯ, ಹಾಗಾಗಿ ಏಕವಚನದಲ್ಲೇ ಬರೆಯುತ್ತೇನೆ. ಖಂಡಿತ ಹೋಗು. ಆದರೆ ಟಿಕೆಟ್ ತಗೊಂಡು ಹಿಂದಿನ ಸಾಲಿನಲ್ಲಿ ಕೂತು ಬರುವುದಕ್ಕಲ್ಲ. ಕುರ್ಚಿ ಜೋಡಿಸುವುದಕ್ಕೋ, ಬಾಗಿಲ ಹತ್ತಿರ ಹೆಸರು ಬರೆದುಕೊಳ್ಳುವುದಕ್ಕೋ ಹೆಸರು ಕೊಟ್ಟು ಹೋಗು. ಕೇಳಲು ಬಂದವರನ್ನು ಯಾರೂ ಮಾತಾಡಿಸುವುದಿಲ್ಲ. ಜೊತೆಗೆ ಮೇಜು ಮಡಚಿದವರ ಹೆಸರು ಮಾತ್ರ ಯಾರಿಗೂ ಮರೆಯುವುದಿಲ್ಲ. ಇದು ಅಮೆರಿಕದ ಸಣ್ಣ ಊರುಗಳಿಗೆಲ್ಲ ಅನ್ವಯಿಸುವ ಮಾತು. ನಮ್ಮೂರು ಹೆಸರಿಗೆ ದೊಡ್ಡದು, ನಡವಳಿಕೆಯಲ್ಲಿ ಸಣ್ಣದೇ.

ನೀನು ನೋಡಿದ್ದು ಕ್ಲೆಜ್ಮರ್ಕರ್ಕಿ ಹಬ್ಬದ ಚೀಟಿ ಇರಬೇಕು. ಕ್ಲೆಜ್ಮರ್ ಅನ್ನುವುದು ಪೂರ್ವ ಯುರೋಪಿನ ಯಹೂದಿಗಳ ಮದುವೆಮನೆ ವಾದ್ಯಸಂಗೀತ. ಅದಕ್ಕೆ ಊರಿನ ಹೆಸರಿನ ಬಾಲ ಅಂಟಿಸಿದ್ದಾರೆ. ನಹಲತ್ ಶಾಲೋಮ್ ಅನ್ನುವ ಪುಟ್ಟ ಯಹೂದಿ ಪ್ರಾರ್ಥನಾ ಸಭೆಯವರು ಪ್ರೆಸಿಡೆಂಟ್ಸ್ ಡೇ ರಜೆಯ ಆಸುಪಾಸಿನ ವಾರಾಂತ್ಯದಲ್ಲಿ ನಡೆಸಿಕೊಂಡು ಬಂದಿರುವ ಹಬ್ಬ. ಹೊರಗಿನಿಂದ ಕೆಲವು ಕಲಾವಿದರನ್ನು, ನೃತ್ಯ ಕಲಿಸುವವರನ್ನು ಕರೆಸುತ್ತಾರೆ. ಮಿಕ್ಕ ಕೆಲಸವೆಲ್ಲ ಸಭೆಯ ಜನ, ಅವರ ಸ್ನೇಹಿತರು ಸೇರಿ ಮಾಡಿಕೊಳ್ಳುವುದು. ಅವರದೇ ಒಂದು ಸಮುದಾಯದ ಬ್ಯಾಂಡ್ ಕೂಡ ಇದೆ. ಇವರೆಲ್ಲ ಎಲ್ಲಿಂದ ಬಂದರೋ ಅಂದುಕೊಳ್ಳಬೇಡ. ಈ ಊರಿನ ಮೊದಲ ಮೇಯರ್ ಹೆನ್ರಿ ಜಾಫಾ, 1885ರಲ್ಲಿ, ಯಹೂದಿ ವ್ಯಾಪಾರಿ. ಊರಿನ ಹಳೆಯ ಸಭೆ ಕಾಂಗ್ರಿಗೇಶನ್ ಆಲ್ಬರ್ಟ್ 1897ರದು. ಚಿಪ್ ಮಾಡುವ ಇಂಟೆಲ್ ಇಲ್ಲಿಗೆ ಬಂದದ್ದು ಅದಾಗಿ ಎಂಬತ್ತು ವರ್ಷದ ಮೇಲೆ.

ನಮ್ಮಲ್ಲಿ ಬಹಳ ಜನರಿಗೆ ಯಹೂದಿ ಅಂದರೆ ಕೇರಳ ಪ್ರವಾಸದಲ್ಲಿ ನೋಡಿದ ಕೊಚ್ಚಿಯ ಪರದೇಶಿ ಸಿನಗಾಗ್, ಅಂದರೆ ಅವರ ಪ್ರಾರ್ಥನಾ ಮಂದಿರ, ಅಷ್ಟೇ. ಅವರ ಹಾಡುಗಳೇ ಬೇರೆ, ಇದೇ ಬೇರೆ. ಕ್ಲೆಜ್ಮರ್ ಉಕ್ರೇನ್, ಮೊಲ್ಡೋವಾ, ರೊಮೇನಿಯಾ ಕಡೆಯದು. ಅಲ್ಲಿಂದ ನ್ಯೂಯಾರ್ಕಿಗೆ ವಲಸೆ ಬಂದ ನಫ್ತುಲೆ ಬ್ರಾಂಡ್‌ವೈನ್, ಡೇವ್ ತಾರಾಸ್ ಅವರಂಥ ಕ್ಲಾರಿನೆಟ್ ವಿದ್ವಾಂಸರು 1920ರ ದಶಕದಲ್ಲಿ ಗ್ರಾಮಫೋನ್ ತಟ್ಟೆಗಳಿಗೆ ನುಡಿಸಿದರು. ಆಮೇಲೆ ಅವರ ಮಕ್ಕಳಿಗೇ ಅದು ಬೇಡವಾಯಿತು, ಇಂಗ್ಲಿಷ್ ಪಾಪ್ ಸಾಕಾಯಿತು. ಯುರೋಪಿನಲ್ಲಿ ಉಳಿದಿದ್ದ ವಾದಕರನ್ನೂ ಕೇಳುಗರನ್ನೂ ಹಿಟ್ಲರನ ಕಾಲ ನುಂಗಿಹಾಕಿತು. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್ ಕಡೆಯ ಕೆಲವು ಹುಡುಗರು ಆ ಹಳೆಯ ತಟ್ಟೆಗಳನ್ನು ಹುಡುಕಿ, ಬದುಕಿದ್ದ ಮುದುಕರ ಹತ್ತಿರ ಕೂತು ಕಲಿತರು. ಒಂದು ತಲೆಮಾರು ಪೂರ್ತಿ ಬಿಟ್ಟುಹೋದದ್ದನ್ನು ಮೊಮ್ಮಕ್ಕಳು ಹಿಡಿದೆತ್ತಿದರು. ಅದಕ್ಕೇ ಇರಬೇಕು, ಇವರ ಹಬ್ಬಗಳಲ್ಲಿ ವಯಸ್ಸಿನ ಲೆಕ್ಕ ನಮ್ಮ ಹಾಗಿಲ್ಲ. ಎಂಟು ವರ್ಷದ ಹುಡುಗಿ ಡೋಲಿನ ಮುಂದೆ, ಪಕ್ಕದಲ್ಲಿ ಅಕಾರ್ಡಿಯನ್ ಹಿಡಿದ ನಿವೃತ್ತ ಮೇಷ್ಟರು, ಇಬ್ಬರಿಗೂ ಅದೇ ತಾಳ.

ನಮ್ಮ ಕನ್ನಡ ರಾಜ್ಯೋತ್ಸವಗಳನ್ನು ನೆನೆಸಿಕೊಂಡರೆ ನನಗೆ ಸ್ವಲ್ಪ ಹೊಟ್ಟೆಕಿಚ್ಚಾಗುತ್ತದೆ, ಮುಚ್ಚಿಡುವುದೇಕೆ? ಮಕ್ಕಳಿಗೆ ಐದು ನಿಮಿಷದ ಐಟಂ, ಅಪ್ಪ ಅಮ್ಮ ಮೊಬೈಲ್ ಎತ್ತಿ ಹಿಡಿಯುವುದು, ತಮ್ಮ ಮಗುವಿನದು ಮುಗಿದ ಕೂಡಲೇ ಊಟದ ಸಾಲು. ಅಜ್ಜಿ ತಾತಂದಿರಿಗೆ ಮುಂದಿನ ಸಾಲಿನಲ್ಲಿ ಜಾಗ ಕೊಟ್ಟುಬಿಟ್ಟರೆ ಗೌರವ ಸಂದಾಯವಾಯಿತು! ನಿನ್ನ ಅತ್ತೆಯವರನ್ನು ಇಲ್ಲಿ ಹಾಗೆ ಕೂರಿಸಿ ಬಿಡುವುದಿಲ್ಲ. ಕೈ ಕೈ ಹಿಡಿದು ಕುಣಿಯುವವರ ಸಾಲು ಸುತ್ತು ಸುತ್ತಾಗಿ ಬರುತ್ತಿರುತ್ತದೆ. ಎಲ್ಲಿ ಬೇಕಾದರೂ ನಡುವೆ ಸೇರಬಹುದು, ಸಾಕಾದರೆ ಬಿಟ್ಟು ಬರಬಹುದು. ನಿಧಾನದ ಹೋರಾ ಅಂತ ಒಂದು ಕುಣಿತವಿದೆ, ಮೂರರ ನಡೆಯಲ್ಲಿ ತೂಗಿಕೊಂಡು ಹೋಗುವುದು. ಮಂಡಿನೋವಿನವರಿಗೂ ಆಗುತ್ತದೆ.

ಈಗ ನಿನ್ನ ಪಿಟೀಲಿನ ವಿಷಯ. ಇವರ ಸಂಗೀತದಲ್ಲಿ ಫ್ರೇಗಿಶ್ ಅನ್ನುವ ಒಂದು ಸ್ವರಗುಚ್ಛ ಎಲ್ಲೆಲ್ಲೂ ಬರುತ್ತದೆ. ಶುದ್ಧ ರಿಷಭ, ಅಂತರ ಗಾಂಧಾರ, ಶುದ್ಧ ಮಧ್ಯಮ, ಶುದ್ಧ ಧೈವತ, ಕೈಶಿಕಿ ನಿಷಾದ. ಹೌದು, 14ನೇ ಮೇಳ, ವಕುಲಾಭರಣ. ಸರಳೆ ವರಿಸೆಯ ಮಾಯಾಮಾಳವಗೌಳಕ್ಕೂ ಇದಕ್ಕೂ ನಿಷಾದ ಒಂದರದೇ ವ್ಯತ್ಯಾಸ, ಬೆರಳು ತಾನಾಗಿ ಹೋಗುತ್ತದೆ. ಇನ್ನೊಂದು, ಮಿಶೆಬೆರಖ್ ಅನ್ನುವುದು, ಸ್ವರದ ಲೆಕ್ಕದಲ್ಲಿ ನಮ್ಮ ಹೇಮವತಿ, 58ನೇ ಮೇಳ. ಸ್ವರಸ್ಥಾನ ಒಂದೇ ಆದ ಮಾತ್ರಕ್ಕೆ ರಾಗ ಒಂದೇ ಅಂತ ಅಲ್ಲಿ ಭಾಷಣ ಮಾಡಬೇಡ ಮತ್ತೆ! ಗಮಕ ಪೂರ್ತಿ ಬೇರೆ. ನಾವು ತೂಗಾಡಿಸುವ ಕಡೆ ಅವರು ಸ್ವರವನ್ನು ಬಿಕ್ಕಿದ ಹಾಗೆ ತುಂಡರಿಸುತ್ತಾರೆ, ಅದಕ್ಕೆ ಕ್ರೆಖ್ಟ್ಸ್ ಅನ್ನುತ್ತಾರೆ. ಬುಲ್ಗರ್ ಅನ್ನುವ ಕುಣಿತದ ನಡೆ ಎಂಟಕ್ಷರದ್ದು, ಮೂರು ಮೂರು ಎರಡು. ತಕಿಟ ತಕಿಟ ತಕ ಅಂದುಕೋ, ತಪ್ಪುವುದೇ ಇಲ್ಲ. ಕಾರ್ಯಾಗಾರಗಳಲ್ಲಿ ಪಾಠ ಬಹುಮಟ್ಟಿಗೆ ಕಿವಿಯಿಂದಲೇ: ಅವರು ಒಂದು ಸಾಲು ನುಡಿಸುತ್ತಾರೆ, ನೀವೆಲ್ಲ ಹಿಂದೆ ನುಡಿಸುವುದು. ಪಾಶ್ಚಾತ್ಯ ಸ್ವರಲಿಪಿ ಓದಲು ಬರದವರಿಗೆ ಇಷ್ಟು ಅನುಕೂಲದ ಜಾಗ ಅಮೆರಿಕದಲ್ಲಿ ಬೇರೆ ಸಿಗುವುದು ಕಷ್ಟ.

ಹೋಗುವ ಮುಂಚೆ ತಿಳಿದಿರಬೇಕಾದ ಕೆಲವು ಸಂಗತಿ. ಮೊದಲೇ ಹೆಸರು ನೋಂದಾಯಿಸು. 2018ರ ಅಕ್ಟೋಬರಿನಲ್ಲಿ ಪಿಟ್ಸ್‌ಬರ್ಗಿನ ಸಿನಗಾಗಿನಲ್ಲಿ ಗುಂಡು ಹಾರಿಸಿ 11 ಜನರನ್ನು ಕೊಂದ ಮೇಲೆ ದೇಶದಾದ್ಯಂತ ಅವರ ಬಾಗಿಲುಗಳಲ್ಲಿ ಕಾವಲು ಬಿಗಿಯಾಗಿದೆ. ಯಾರು, ಏನು, ಚೀಲದಲ್ಲಿ ಏನಿದೆ ಅಂತ ಕೇಳಿದರೆ ಬೇಸರ ಮಾಡಿಕೊಳ್ಳಬೇಡ, ನಿನ್ನ ಮೈಬಣ್ಣಕ್ಕೆ ಕೇಳಿದ್ದು ಅಂತಲೂ ತಿಳಿಯಬೇಡ.

ಸ್ವಸ್ತಿಕದ ವಿಷಯ ಅತ್ತೆಯವರಿಗೆ ನೀನೇ ಹೇಳಬೇಕು. ಪೂಜೆ ಮಾಡಿಸಿದ ಕಾರಿನ ಮೇಲೆ ಕುಂಕುಮದಲ್ಲಿ ಬರೆದದ್ದಿದ್ದರೆ ಒರೆಸಿಕೊಂಡು ಹೋಗಿ, ಸರದಲ್ಲಿ ಪದಕ ಇದ್ದರೆ ಸೆರಗಿನೊಳಗೆ ಇರಲಿ. ನಮ್ಮದು ಬೇರೆ, ನಾಜಿಗಳದು ಬೇರೆ, ಸರಿಯೇ. ಆದರೆ ಮನೆಯವರನ್ನೆಲ್ಲ ಕಳಕೊಂಡ ಮುದುಕಿಗೆ ಬಾಗಿಲಲ್ಲಿ ನಿಂತು ವೇದ ಪುರಾಣದ ವಿವರಣೆ ಕೊಡುವ ಸಂದರ್ಭ ಅದಲ್ಲ. ಹಾಗೆಯೇ ಶಿಸ್ತಿನ ಮೇಲಧಿಕಾರಿಯನ್ನು "ನಮ್ಮ ಹಿಟ್ಲರ್" ಅಂತ ಕರೆಯುವ ಚಾಳಿ ನಿನ್ನ ಯಜಮಾನರಿಗಿದ್ದರೆ ಮನೆಯಲ್ಲೇ ಬಿಟ್ಟು ಬರಲಿ. ಇಸ್ರೇಲಿನ ರಾಜಕೀಯದ ಬಗ್ಗೆ ಆ ಒಂದೇ ಕೋಣೆಯಲ್ಲಿ ಹತ್ತು ಅಭಿಪ್ರಾಯ ಇರುತ್ತದೆ, ನಿನ್ನದು ಹನ್ನೊಂದನೆಯದಾಗುವುದು ಬೇಡ.

ಶುಕ್ರವಾರ ಸೂರ್ಯ ಮುಳುಗಿದಾಗಿನಿಂದ ಶನಿವಾರ ಕತ್ತಲಾಗುವವರೆಗೆ ಅವರಿಗೆ ಶಬ್ಬಾತ್, ವಾರದ ವಿಶ್ರಾಂತಿಯ ದಿನ. ಕೆಲವು ಸಭೆಗಳಲ್ಲಿ ಆ ಹೊತ್ತು ವಾದ್ಯ ಮುಟ್ಟುವುದಿಲ್ಲ. ಇವರದು ಉದಾರ ಪಂಥ, ಅಷ್ಟು ಬಿಗಿಯಿಲ್ಲ. ಆದರೂ ಪ್ರಾರ್ಥನೆಯ ಹೊತ್ತಿಗೆ ಫೋಟೋ ತೆಗೆಯಬೇಡ. ಶನಿವಾರ ಕತ್ತಲಾದ ಮೇಲೆ ಹವ್ದಾಲಾ ಅನ್ನುವ ಸಣ್ಣ ವಿಧಿ ನಡೆದರೆ ಮಗಳನ್ನು ಮುಂದೆ ಕರೆದುಕೊಂಡು ಹೋಗು. ಜಡೆ ಹೆಣೆದಂತಿರುವ ಮೇಣದ ಬತ್ತಿ ಹಚ್ಚುತ್ತಾರೆ, ಲವಂಗ ಚಕ್ಕೆ ತುಂಬಿದ ಪುಟ್ಟ ಡಬ್ಬಿಯನ್ನು ಕೈಯಿಂದ ಕೈಗೆ ದಾಟಿಸುತ್ತಾರೆ, ಎಲ್ಲರೂ ಒಮ್ಮೆ ಮೂಸಿ ಮುಂದಕ್ಕೆ ಕೊಡುವುದು. ಕೊನೆಗೆ ಬತ್ತಿಯನ್ನು ದ್ರಾಕ್ಷಾರಸದಲ್ಲಿ ಅದ್ದಿ ನಂದಿಸುತ್ತಾರೆ, ಚುಂಯ್ ಅನ್ನುತ್ತದೆ, ಮಕ್ಕಳಿಗೆ ಅದೇ ಖುಷಿ.

ಅಡುಗೆಮನೆ ಕೆಲಸ ಸಿಕ್ಕರೆ ಕೇಳದೆ ಯಾವ ಪಾತ್ರೆಯನ್ನೂ ಮುಟ್ಟಬೇಡ. ಕೋಶರ್ ಅನ್ನುವ ಯಹೂದಿ ಆಹಾರನಿಯಮ ಪಾಲಿಸುವ ಕಡೆ ಹಾಲಿನದಕ್ಕೂ ಮಾಂಸದ್ದಕ್ಕೂ ಪಾತ್ರೆ ಬೇರೆ, ತಿಕ್ಕುವ ಸ್ಪಂಜು ಕೂಡ ಬೇರೆ. ಮಡಿ ಮುಸುರೆ ನೋಡಿ ಬೆಳೆದ ಅತ್ತೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮನೆಯಿಂದ ಚಿತ್ರಾನ್ನ ಮಾಡಿಕೊಂಡು ಹೋಗುವ ಆಸೆಯಾದರೂ ಮೊದಲು ಕೇಳು, ಎಲ್ಲ ಕಡೆ ಒಪ್ಪುವುದಿಲ್ಲ. ನೀವು ಮೊಟ್ಟೆ ತಿನ್ನದವರಾದರೆ ಇನ್ನೊಂದು: ಖಲಾ ಬ್ರೆಡ್ಡಿಗೂ, ನೂಡಲ್ಸ್ ಇಲ್ಲವೇ ಆಲೂಗಡ್ಡೆ ಹಾಕಿ ಬೇಯಿಸುವ ಕುಗೆಲ್‌ಗೂ ಮೊಟ್ಟೆ ಹಾಕಿರುತ್ತಾರೆ, ನೋಡಿದರೆ ಗೊತ್ತಾಗುವುದಿಲ್ಲ.

ವೀಸಾ ಚಿಂತೆ ನಿನಗಿರುತ್ತದೆ. ಸ್ವಯಂಸೇವಕರೇ ಮಾಡುವಂಥ ಕೆಲಸವನ್ನು ಲಾಭರಹಿತ ಸಂಸ್ಥೆಯಲ್ಲಿ ಸಂಬಳವಿಲ್ಲದೆ ಮಾಡಲು ಎಚ್-4ರವರಿಗೆ ಅಡ್ಡಿಯಿಲ್ಲ. ಗಿಫ್ಟ್ ಕಾರ್ಡು, ಸಂಭಾವನೆ ಏನು ಕೊಟ್ಟರೂ ತಗೋಬೇಡ. ಅವರ ಲೆಕ್ಕಪತ್ರ ಬರೆಯುವುದು, ವೆಬ್‌ಸೈಟ್ ಮಾಡುವುದು, ಹೀಗೆ ದುಡ್ಡು ಕೊಟ್ಟು ಮಾಡಿಸುವ ಕೆಲಸ ಕೇಳಿದರೆ ಮಾತ್ರ ಒಬ್ಬ ವಕೀಲರನ್ನು ವಿಚಾರಿಸಿ ಒಪ್ಪಿಕೋ.

ಪಿಟೀಲನ್ನು ಈ ವಾರವೇ ಹೊರಗೆ ತೆಗೆ, ಫೆಬ್ರುವರಿವರೆಗೆ ಕಾಯಬೇಡ. ಇಲ್ಲಿಯ ಒಣಹವೆಗೆ ಮರ ಬಿರಿಯುತ್ತದೆ, ಪೆಟ್ಟಿಗೆಯೊಳಗೆ ತೇವ ಹಿಡಿದಿಡುವ ಕೊಳವೆಯೊಂದನ್ನು ಇಡು. ನೀನು ಸ-ಪ-ಸ-ಪ ಶ್ರುತಿ ಮಾಡಿಕೊಂಡಿರುತ್ತೀಯ, ಅವರದು ಜಿ-ಡಿ-ಎ-ಇ. ಬಿರಡೆ ಏರಿಸುವಾಗ ತಂತಿ ತುಂಡಾದರೂ ಆದೀತು, ಹೊಸ ತಂತಿಯ ಒಂದು ಕಟ್ಟು ಜೊತೆಗಿರಲಿ. ಡಿ ಸ್ವರವನ್ನೇ ಷಡ್ಜ ಮಾಡಿಕೊಂಡು ವಕುಲಾಭರಣ ನಾಲ್ಕು ದಿನ ನುಡಿಸಿಕೋ, ನಿಂತುಕೊಂಡೇ. ಅಲ್ಲಿ ಕುಣಿಯುವವರಿಗೆ ನುಡಿಸುವಾಗ ಕೂರಲು ಜಾಗವೂ ಇರುವುದಿಲ್ಲ, ಪುರುಸೊತ್ತೂ ಇರುವುದಿಲ್ಲ.